ಹೊಲದ ಕಾವಲು, ಬಂದೂಕು ಮತ್ತು ಕಾನೂನು

ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದುದನ್ನು ಕಾಯ್ದು ಮನೆಗೆ ಸೇರಿಸುವುದೂ ಅಷ್ಟೇ ಮುಖ್ಯ. ತುಂಗಭದ್ರಾ ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳ ಆಸರೆಯಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಭಾಗದ ರೈತರು ಭತ್ತ, ಮೆಣಸಿನಕಾಯಿ ಮತ್ತು ಹತ್ತಿ ಬೆಳೆಯುತ್ತಾರೆ. ಈ ಬೆಳೆಗಳಿಗೆ ಕೀಟ ಮತ್ತು ರೋಗಗಳ ಕಾಟವಲ್ಲದೆ ಕಾಡುಹಂದಿಗಳ ಹಾವಳಿ, ಪಂಪ್‌ಸೆಟ್ ಕಳವು, ತೂಬಿನ ನೀರಿನ ಜಗಳ ಇವೂ ಇವೆ. ಆದ್ದರಿಂದ ಕೆಲವು ರೈತರು ಬೆಳೆ ರಕ್ಷಣೆಗೆಂದು ಬಂದೂಕನ್ನೂ, ನಗರದಲ್ಲಿ ವ್ಯವಹಾರವಿರುವ ಕೆಲವರು ಆತ್ಮರಕ್ಷಣೆಗೆಂದು ಪಿಸ್ತೂಲು ಅಥವಾ ರಿವಾಲ್ವರನ್ನೂ ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದಾರೆ.

ಬಂದೂಕನ್ನು ಹೇಗೆ ಹಾರಿಸಬೇಕೆಂಬುದು ಇವರೆಲ್ಲರಿಗೂ ಗೊತ್ತು. ಹಾರಿಸಿದ ಮೇಲೆ ಏನಾಗುತ್ತದೆಂಬುದು ಬಹು ಮಂದಿಗೆ ಗೊತ್ತಿಲ್ಲ. ಗುಂಡು ಹಾರುವುದು ಒಂದು ಕ್ಷಣ. ಅದರ ಲೆಕ್ಕ ಒಪ್ಪಿಸುವುದು ಹಲವು ವರ್ಷ. ಅಷ್ಟು ಕಾಲ ಬೇಸಾಯ ಯಾರ ಕೈಗೆ ಹೋಗುತ್ತದೆ, ವಕೀಲರ ಶುಲ್ಕಕ್ಕೆ ಎಷ್ಟು ಎಕರೆ ಅಡವಾಗುತ್ತದೆ ಎಂಬುದನ್ನು ಬಂದೂಕು ಹಿಡಿಯುವ ಮೊದಲೇ ಯೋಚಿಸುವುದು ಒಳ್ಳೆಯದು. ಈ ಕಾರಣದಿಂದ ಈ ವಿಷಯದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಲೈಸೆನ್ಸಿನ ವ್ಯಾಪ್ತಿ

ಬಂದೂಕುಗಳಿಗೆ ಸಂಬಂಧಿಸಿದ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಬಾಯಿಂದ ಮದ್ದು ತುಂಬುವ ಬಂದೂಕಿಗೆ ನಿಜವಾದ ಬೆಳೆ ರಕ್ಷಣೆಯ ಉದ್ದೇಶಕ್ಕಾಗಿ ಲೈಸೆನ್ಸ್ ಕೊಡಲು ಈ ಕಾಯ್ದೆಯ 13ನೆಯ ಕಲಮಿನಲ್ಲಿ ಅವಕಾಶವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ನಳಿಗೆಯ ಒಳಮೈ ನುಣುಪಾಗಿದ್ದು 20 ಅಂಗುಲಕ್ಕೆ ಕಡಮೆಯಿಲ್ಲದ ಉದ್ದದ ಬಂದೂಕಿಗೂ ಕೊಡಬಹುದು. ಪಿಸ್ತೂಲು, ರಿವಾಲ್ವರುಗಳಿಗೆ ಸಕಾರಣವಿದೆಯೆಂದು ಅರ್ಜಿದಾರನು ತೋರಿಸಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಸಾಮಾನ್ಯವಾಗಿ 3ರಿಂದ 2ಕ್ಕೆ ಇಳಿದಿವೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದನ್ನು ಕೇಳಿ, ಹಳ್ಳಿಯ ನಾಡಬಂದೂಕಿಗೆ ಎಲ್ಲೂ ಲೈಸೆನ್ಸ್ ಬೇಡವೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಆ ವಿನಾಯಿತಿ ಕೊಡಗಿನ ಆ ಜನರಿಗೆ ಮಾತ್ರ. ಅದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಬಳ್ಳಾರಿ ಜಿಲ್ಲೆಯ ರೈತನಿಗೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸಿಲ್ಲದ ಬಂದೂಕು ಇಟ್ಟುಕೊಂಡರೆ 2 ವರ್ಷಕ್ಕೆ ಕಡಮೆಯಿಲ್ಲದಂತೆ 5 ವರ್ಷದವರೆಗೆ ಜೈಲುವಾಸ ಮತ್ತು ದಂಡವಿದೆ. ಹಾರಿಸಿದ್ದು ನಿಜವಾದ ಆತ್ಮರಕ್ಷಣೆಗಾಗಿಯೇ ಎಂದು ಸಾಬೀತಾದರೂ ಲೈಸೆನ್ಸಿಲ್ಲದೆ ಇಟ್ಟುಕೊಂಡ ಅಪರಾಧ ಬೇರೆಯಾಗಿಯೇ ಉಳಿಯುತ್ತದೆ.

ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿಗಳನ್ನು ಕೊಲ್ಲುವ ಅಪ್ಪಣೆಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನು ಹೊಡೆಯಲೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಸ್ವರಕ್ಷಣೆಯ ಹಕ್ಕು ಮತ್ತು ಅದರ ಮಿತಿ

ತನ್ನ ಮತ್ತು ಇತರರ ದೇಹವನ್ನೂ ಆಸ್ತಿಯನ್ನೂ ಕಾಪಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಹಿಂದೆ ಇದು 1860ರ ಭಾರತ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಸಂಖ್ಯೆ ಬದಲಾಗಿದೆ, ತಿರುಳು ಹೆಚ್ಚಾಗಿ ಹಾಗೆಯೇ ಇದೆ. ರೈತರು ತಿಳಿದಿರಬೇಕಾದ ಅಂಶಗಳು ಇವು:

1. ಅಪಾಯವು ಆ ಹೊತ್ತಿಗೆ ಎದುರಿಗಿರಬೇಕು. ನಿನ್ನೆಯ ಹಗೆಗೆ ಇಂದು ಹೊಡೆಯುವುದು ರಕ್ಷಣೆಯಲ್ಲ, ಸೇಡು.

2. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕು ಇಲ್ಲ.

3. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡತಕ್ಕದ್ದಲ್ಲ. ಆದರೆ ಏಟನ್ನು ತಕ್ಕಡಿಯಲ್ಲಿಟ್ಟು ತೂಗಿದಂತೆ ಅಳೆಯಬೇಕೆಂದು ನ್ಯಾಯಾಲಯಗಳು ಕೇಳುವುದಿಲ್ಲ.

4. ಕರ್ತವ್ಯದ ಮೇಲೆ ಸದ್ಭಾವನೆಯಿಂದ ಬಂದ ಸರ್ಕಾರಿ ನೌಕರರ ವಿರುದ್ಧ, ಅವರಿಂದ ಸಾವಿನ ಅಥವಾ ತೀವ್ರ ಗಾಯದ ಭಯವಿಲ್ಲದಿದ್ದಾಗ, ಈ ಹಕ್ಕು ಇಲ್ಲ. ಅಕ್ರಮ ತೂಬು ಮುಚ್ಚಿಸಲು ಬಂದ ನೀರಾವರಿ ಸಿಬ್ಬಂದಿಗೆ ಬಂದೂಕು ತೋರಿಸಿದವನಿಗೆ ಆತ್ಮರಕ್ಷಣೆಯ ವಾದ ಸಿಗುವುದಿಲ್ಲ.

5. ಎದುರಾಳಿಯ ಸಾವಿನವರೆಗೂ ಹೋಗುವ ಹಕ್ಕು ಕೆಲವೇ ಸಂದರ್ಭಗಳಲ್ಲಿದೆ. ದೇಹದ ವಿಷಯದಲ್ಲಿ ಸಾವಿನ ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಮುಂತಾದವು (38ನೆಯ ಕಲಂ). ಆಸ್ತಿಯ ವಿಷಯದಲ್ಲಿ ಸುಲಿಗೆ, ರಾತ್ರಿಯ ಕನ್ನಗಳವು, ಮನೆ ಅಥವಾ ದಾಸ್ತಾನಿನ ಕಟ್ಟಡಕ್ಕೆ ಬೆಂಕಿ ಹಚ್ಚುವುದು, ಮತ್ತು ಸಾವು ಅಥವಾ ತೀವ್ರ ಗಾಯವಾಗಬಹುದೆಂಬ ಭಯ ಹುಟ್ಟಿಸುವಂಥ ಕಳವು, ಹಾನಿ ಅಥವಾ ಮನೆಯ ಅತಿಕ್ರಮ ಪ್ರವೇಶ (41ನೆಯ ಕಲಂ).

ಈ ಐದನೆಯ ಅಂಶವೇ ಎಲ್ಲಕ್ಕಿಂತ ಮುಖ್ಯ. ಬರೀ ಬೆಳೆ ಕಳವಿಗೆ, ಬರೀ ಹೊಲದ ಅತಿಕ್ರಮಣಕ್ಕೆ ಮನುಷ್ಯನನ್ನು ಕೊಲ್ಲುವ ಹಕ್ಕನ್ನು ಕಾನೂನು ಯಾರಿಗೂ ಕೊಟ್ಟಿಲ್ಲ.

ಮೂರು ಉದಾಹರಣೆಗಳು

ವಿಷಯ ಸ್ಪಷ್ಟವಾಗಲೆಂದು ಮೂರು ಸಂದರ್ಭಗಳನ್ನು ಊಹಿಸಿಕೊಳ್ಳೋಣ.

ಸಿರುಗುಪ್ಪ ಕಡೆಯ ಗದ್ದೆಯೊಂದರ ಬದುವಿನ ಮೇಲೆ ರಾತ್ರಿ ಇಬ್ಬರು ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುತ್ತಿದ್ದಾರೆ. ರೈತನು ಕೂಗಿ ಜನರನ್ನು ಸೇರಿಸಬಹುದು, ಕಳ್ಳರನ್ನು ಹಿಡಿಯಬಹುದು, ಹಿಡಿಯಲು ಬೇಕಾದಷ್ಟು ಬಲ ಪ್ರಯೋಗಿಸಬಹುದು. ಗುಂಡು ಹೊಡೆದು ಕೊಲ್ಲುವಂತಿಲ್ಲ. ಅವರಲ್ಲೊಬ್ಬನು ಕೊಡಲಿ ಎತ್ತಿ ರೈತನ ಮೇಲೆ ಬಂದರೆ ಆಗ ಪ್ರಶ್ನೆ ಕೇಬಲಿನದಲ್ಲ, ಜೀವದ್ದು, ಹಕ್ಕು ಹಿಗ್ಗುತ್ತದೆ. ಅವನು ಕೊಡಲಿ ಎಸೆದು ಓಡಿದರೆ ಜೀವದ ಭಯ ಹೋಯಿತು. ಕೊಲ್ಲುವ ಹಕ್ಕೂ ಅಲ್ಲಿಗೇ ಮುಗಿಯಿತು.

ಕುರುಗೋಡಿನ ಗುಡ್ಡದ ಕೆಳಗಿನ ಹೊಲದಲ್ಲಿ ಕತ್ತಲಾದ ಮೇಲೆ ಬೆಳೆಯೊಳಗೆ ಸಪ್ಪಳವಾಗುತ್ತದೆ. ಹಂದಿಯೆಂದು ತಿಳಿದು ರೈತನು ಗುಂಡು ಹಾರಿಸುತ್ತಾನೆ. ಬಿದ್ದವನು ನೀರು ಕಟ್ಟಲು ಬಂದಿದ್ದ ಪಕ್ಕದ ಹೊಲದವನು. ಇದು ಸ್ವರಕ್ಷಣೆಯಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಅಪರಾಧಕ್ಕೆ 106ನೆಯ ಕಲಮಿನಂತೆ 5 ವರ್ಷದವರೆಗೆ ಶಿಕ್ಷೆಯಿದೆ. ಅದೇ ಹೊಲದಲ್ಲಿ ಕರಡಿಯು ನೇರವಾಗಿ ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ವನ್ಯಜೀವಿ ಕಾಯ್ದೆಯ 11ನೆಯ ಕಲಂ ರಕ್ಷಣೆ ಕೊಡುತ್ತದೆ. ಆದರೆ ಹೊಡೆದವನು ಆ ಹೊತ್ತಿನಲ್ಲಿ ಬೇಟೆಯಂಥ ಅಪರಾಧದಲ್ಲಿ ತೊಡಗಿರಬಾರದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು.

ಬಳ್ಳಾರಿ ನಗರದಲ್ಲಿ ಮೆಣಸಿನಕಾಯಿ ಮಾರಿದ ಹಣದೊಂದಿಗೆ ಹೋಗುತ್ತಿರುವವನನ್ನು ಚಾಕು ತೋರಿಸಿ ಅಡ್ಡಗಟ್ಟುತ್ತಾರೆ. ಅವನ ಬಳಿ ಲೈಸೆನ್ಸಿನ ರಿವಾಲ್ವರ್ ಇದೆ. ಇದು ಸುಲಿಗೆ, ಹಕ್ಕು ಅವನಿಗಿದೆ. ಆದರೆ ಸುತ್ತಲೂ ಜನರಿದ್ದಾರೆ. ಅಜಾಗರೂಕತೆಯಿಂದ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, ಅದು ಗಾಳಿಯಲ್ಲಿ ಹಾರಿಸಿದ ಗುಂಡೇ ಆದರೂ, 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು

ಜೈದೇವ್ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆಯ ತೀರ್ಪು 1962ರಲ್ಲಿ ಬಂದಿತು. ಹೊಲದ ಒಡೆತನದ ಜಗಳದಲ್ಲಿ ಗುಂಪು ಸೇರಿತ್ತು; ಹೊಲ ಸ್ವಾಧೀನದಲ್ಲಿದ್ದವರು ಬಂದೂಕು ಹಾರಿಸಿದ್ದರು. ಅವರಿಗೆ ಮೊದಲು ಸ್ವರಕ್ಷಣೆಯ ಹಕ್ಕು ಇತ್ತೆಂದು ನ್ಯಾಯಾಲಯ ಒಪ್ಪಿತು. ಆದರೆ ಗುಂಪು ಚದುರಿ ಓಡತೊಡಗಿದ ಮೇಲೂ ಹಾರಿಸಿದ್ದು ಆ ಹಕ್ಕಿನ ಹೊರಗಿನದೆಂದು ಹೇಳಿತು.

ಇನ್ನೊಂದು ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಎಂಬ ಮೊಕದ್ದಮೆ. 1991ರ ಜುಲೈಯಲ್ಲಿ ನಡೆದ ಜಮೀನಿನ ಜಗಳದಲ್ಲಿ ತಂದೆಯ ತಲೆಗೆ ಹರಿತವಾದ ಗಂಡಾಸದ ಏಟು ಬಿದ್ದಾಗ ಮಗನು ಲೈಸೆನ್ಸಿನ ಬಂದೂಕಿನಿಂದ ಗುಂಡು ಹಾರಿಸಿದನು. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು, ಹೈಕೋರ್ಟ್ ಶಿಕ್ಷೆ ವಿಧಿಸಿತು. ಕೊನೆಗೆ 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆತನು ಹಕ್ಕಿನೊಳಗೇ ನಡೆದುಕೊಂಡನೆಂದು ಹೇಳಿ ಬಿಡುಗಡೆ ಮಾಡಿತು. ಅಪಾಯದ ನಿಜವಾದ ಶಂಕೆಯಿದ್ದರೆ ಸಾಕು, ಏಟು ಬೀಳುವವರೆಗೆ ಕಾಯಬೇಕಾಗಿಲ್ಲವೆಂದೂ ಈ ತೀರ್ಪು ವಿವರಿಸಿತು.

ಎರಡನೆಯ ಮೊಕದ್ದಮೆಯಲ್ಲಿ ಗೆದ್ದವನಿಗೂ ತಗುಲಿದ ಕಾಲ 18 ವರ್ಷಕ್ಕೂ ಮೇಲೆ. ಹಕ್ಕು ಇದ್ದವನ ಲೆಕ್ಕವೇ ಇಷ್ಟಾದರೆ ಹಕ್ಕು ಮೀರಿದವನ ಪಾಡೇನು? ಸದ್ಭಾವನೆಯಿಂದಲೇ ಮಿತಿ ಮೀರಿ ಕೊಂದರೆ ಅದು ಕೊಲೆ ಎನಿಸದಿದ್ದರೂ ಅಪರಾಧವೇ. ಅದಕ್ಕೆ 105ನೆಯ ಕಲಮಿನಂತೆ 10 ವರ್ಷದವರೆಗೆ, ಕೆಲವು ಸಂದರ್ಭಗಳಲ್ಲಿ ಜೀವಾವಧಿಯವರೆಗೆ, ಶಿಕ್ಷೆಯಾಗಬಹುದು.

ಗುಂಡು ಹಾರಿದ ಮೇಲಿನ ಹಂತಗಳು

ಗುಂಡಿಗೆ ಮನುಷ್ಯನು ಸತ್ತರೆ ಅಥವಾ ಗಾಯಗೊಂಡರೆ ಪೊಲೀಸರು ಪ್ರಥಮ ವರ್ತಮಾನ ವರದಿ ದಾಖಲಿಸುತ್ತಾರೆ. ಸ್ಥಳದ ಪಂಚನಾಮೆ ಆಗುತ್ತದೆ. ಬಂದೂಕು, ತೋಟಾಗಳು, ಖಾಲಿ ಕೊಳವೆಗಳು ಜಪ್ತಿಯಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಎಷ್ಟು ದೂರದಿಂದ, ಯಾವ ದಿಕ್ಕಿನಿಂದ ಗುಂಡು ಬಂದಿತು, ಎದೆಗೆ ಬಿದ್ದಿತೋ ಬೆನ್ನಿಗೆ ಬಿದ್ದಿತೋ ಎಂಬುದು ಅಲ್ಲಿಯೂ ಮರಣೋತ್ತರ ಪರೀಕ್ಷೆಯಲ್ಲಿಯೂ ತಿಳಿದುಬರುತ್ತದೆ.

"ಆತ್ಮರಕ್ಷಣೆ" ಎಂದೊಡನೆ ಠಾಣೆಯಲ್ಲೇ ಬಿಟ್ಟುಬಿಡುತ್ತಾರೆಂಬ ನಂಬಿಕೆ ಸರಿಯಲ್ಲ. ಅದನ್ನು ತೀರ್ಮಾನಿಸುವುದು ಸಾಮಾನ್ಯವಾಗಿ ನ್ಯಾಯಾಲಯ. ಬಂಧನವಾದರೆ ಕಾರಣವನ್ನು ತಿಳಿಸಬೇಕು, ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಕಾಲ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕೊಲೆಯ ಆರೋಪವಿದ್ದರೆ ಜಾಮೀನಿಗೆ ಸಾಮಾನ್ಯವಾಗಿ ಬಳ್ಳಾರಿಯ ಸೆಷನ್ಸ್ ನ್ಯಾಯಾಲಯಕ್ಕೆ, ಅಲ್ಲಿ ಸಿಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕಾಗುತ್ತದೆ.

ಸ್ವರಕ್ಷಣೆಗಾಗಿ ಹಾರಿಸಿದೆನೆಂದು ತೋರಿಸುವ ಹೊಣೆ ಆರೋಪಿಯದು. ಆದರೆ ಸರ್ಕಾರಿ ಪಕ್ಷದಷ್ಟು ಬಿಗಿಯಾದ ಪುರಾವೆಯನ್ನು ಅವನಿಂದ ಕೇಳುವುದಿಲ್ಲ. ಹಾಗೆ ನಡೆದಿರುವ ಸಂಭವವೇ ಹೆಚ್ಚೆಂದು ಕಂಡುಬಂದರೆ ಸಾಕು. ಸರ್ಕಾರಿ ಸಾಕ್ಷಿಗಳ ಹೇಳಿಕೆಯಿಂದಲೂ ಅದನ್ನು ತೋರಿಸಬಹುದು.

ಮೊಕದ್ದಮೆ ನಡೆಯುತ್ತಿರುವಾಗಲೇ ಲೈಸೆನ್ಸನ್ನು ಅಮಾನತಿನಲ್ಲಿಡಲು ಅಥವಾ ರದ್ದು ಮಾಡಲು ಲೈಸೆನ್ಸ್ ಅಧಿಕಾರಿಗೆ 17ನೆಯ ಕಲಮಿನಲ್ಲಿ ಅಧಿಕಾರವಿದೆ. ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ.

ಆಗ ಮಾಡಬೇಕಾದುದು

1. ಅಪಾಯ ತಪ್ಪಿದೊಡನೆ ಹಾರಿಸುವುದನ್ನು ನಿಲ್ಲಿಸಿ.

2. 112ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ. ಗಾಯಗೊಂಡವನು ಕಳ್ಳನಾದರೂ 108 ಆಂಬುಲೆನ್ಸ್ ಕರೆಸಿ.

3. ಬಂದೂಕನ್ನು ತೊಳೆಯುವುದು, ಬಚ್ಚಿಡುವುದು, ಶವವನ್ನು ಸರಿಸುವುದು ಬೇಡ. ಸಾಕ್ಷ್ಯ ನಾಶಪಡಿಸುವುದು ಬೇರೆಯೇ ಅಪರಾಧ. ಮೇಲಾಗಿ ನಿಮ್ಮ ಪರವಾದ ಸಾಕ್ಷ್ಯವೂ ಅದರಲ್ಲೇ ಅಳಿಸಿಹೋಗುತ್ತದೆ.

4. ನಿಮಗೆ ಬಿದ್ದ ಏಟು ಸಣ್ಣದಾದರೂ ಅದೇ ದಿನ ಸರ್ಕಾರಿ ವೈದ್ಯರಿಗೆ ತೋರಿಸಿ ದಾಖಲು ಮಾಡಿಸಿ. ದಾಳಿ ಎದುರು ಪಕ್ಷದಿಂದ ಬಂತೆಂಬುದಕ್ಕೆ ಅದು ಬಲವಾದ ಆಧಾರ.

5. ಯಾರು ದಾಳಿ ಮಾಡಿದರು, ಯಾರು ಕಂಡರು ಎಂಬುದನ್ನು ಚುಟುಕಾಗಿ, ಇದ್ದುದನ್ನು ಇದ್ದಂತೆ ಹೇಳಿ. ವಿವರವಾದ ಹೇಳಿಕೆಗೆ ಮೊದಲು ವಕೀಲರನ್ನು ಕಾಣಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದೆಂದು ಸಂವಿಧಾನದ 20ನೆಯ ವಿಧಿ ಹೇಳುತ್ತದೆ.

6. ವಕೀಲರನ್ನಿಡಲು ಶಕ್ತಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬಂಧನದಲ್ಲಿರುವವನಿಗೆ ಆದಾಯವೆಷ್ಟೇ ಇದ್ದರೂ ಉಚಿತ ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿಯ ಸಂಖ್ಯೆ 15100.

ಬಂದೂಕಿಗಿಂತ ಮೊದಲಿನ ಕಾವಲು

ರೋಗ ಬಂದ ಮೇಲೆ ಔಷಧಿ ಸಿಂಪಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಲಾಭದಾಯಕ. ಕಾವಲಿಗೂ ಇದೇ ಮಾತು ಸಲ್ಲುತ್ತದೆ. ಹಿಂಗಾರಿ ಹೊಲದ ಅಂಚಿಗೆ ಕೆಲವು ಸಾಲು ಮುಳ್ಳಿನ ಕುಸುಬೆ ಹಾಕುವುದು ನಮ್ಮ ಹಿರಿಯರ ಕ್ರಮ. ದನಗಳು ಒಳನುಗ್ಗದಂತೆ ಅದು ತಡೆಯುತ್ತದೆ. ಹಂದಿಗಳಿರುವೆಡೆ ಸಣ್ಣ ಮಿಡಿತದ ಸೌರ ಬೇಲಿ ಹಾಕಬಹುದು. ವಿದ್ಯುತ್ ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಹರಿಸುವುದು ಮಾತ್ರ ಎಂದೂ ಕೂಡದು. ಅದು ಹಂದಿ ಯಾವುದು, ಮನುಷ್ಯ ಯಾರು ಎಂದು ನೋಡುವುದಿಲ್ಲ. ವನ್ಯಪ್ರಾಣಿಗಳಿಂದ ಬೆಳೆ ಹಾಳಾದರೆ ಫೋಟೋ ಸಹಿತ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಿ. ಅಕ್ಕಪಕ್ಕದ ನಾಲ್ಕಾರು ರೈತರು ಸರದಿಯಂತೆ ಕಾವಲಿದ್ದರೆ ಪಂಪ್‌ಸೆಟ್ ಕಳವು ಕಡಮೆಯಾಗುತ್ತದೆ. ಒಬ್ಬಂಟಿಗೆ ಆಗುವ ಗಾಬರಿ ನಾಲ್ವರಿಗೆ ಆಗುವುದಿಲ್ಲ. ಮಾರಾಟದ ಹಣವನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಹಾಕಿಸಿಕೊಂಡರೆ ದಾರಿಯಲ್ಲಿ ಅದನ್ನು ಕಾಯುವ ರಿವಾಲ್ವರೇ ಬೇಕಾಗುವುದಿಲ್ಲ.

ಬಂದೂಕು ಇಟ್ಟುಕೊಂಡವರು ಅದನ್ನು ಬೀಗದೊಳಗೆ, ತೋಟಾಗಳನ್ನು ಬೇರೆಡೆ ಇಡಬೇಕು. ಲೈಸೆನ್ಸಿನಲ್ಲಿ ಹೆಸರಿಲ್ಲದ ಆಳಿನ ಕೈಗೆ ಕಾವಲಿಗೆಂದು ಕೊಡತಕ್ಕದ್ದಲ್ಲ. ಕುಡಿದಾಗ ಮುಟ್ಟಬಾರದು. ಕತ್ತಲಲ್ಲಿ ಸಪ್ಪಳ ಕೇಳಿದರೆ ಮೊದಲು ಬ್ಯಾಟರಿ ಬಿಟ್ಟು ನೋಡಿ, ಕೂಗಿ ಮಾತಾಡಿಸಬೇಕು.

ಈ ಲೇಖನ ವಕೀಲರ ಸಲಹೆಗೆ ಬದಲಿಯಲ್ಲ. ಪ್ರತಿಯೊಂದು ಪ್ರಕರಣದ ತೀರ್ಪು ಅದರ ಸಂಗತಿಗಳನ್ನೇ ಅವಲಂಬಿಸಿರುತ್ತದೆ. ಜೀವಕ್ಕೆ ಅಪಾಯ ಬಂದಾಗ ಕಾನೂನು ರೈತನ ಕೈ ಕಟ್ಟಿಹಾಕುವುದಿಲ್ಲ. ಕಳೆದುಹೋದ ಬೆಳೆಯನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಬೆಳೆಯಬಹುದು. ಹೋದ ಜೀವವನ್ನೂ ಜೈಲಿನಲ್ಲಿ ಕಳೆದ ವರ್ಷಗಳನ್ನೂ ಬೆಳೆಯಲಾಗದು. ಈ ವ್ಯತ್ಯಾಸವನ್ನು ರೈತ ಬಾಂಧವರು ತಾವು ಅರಿತು, ಬಂದೂಕಿರುವ ನೆರೆಹೊರೆಯವರಿಗೂ ತಿಳಿಸಿಕೊಡಬೇಕು.