ಮಂಚ ಎಷ್ಟು ಎತ್ತರವಿರಬೇಕು?

ಪ್ರತಿ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರಿಗೂ ವಯಸ್ಸಾದವರಿಗೂ ಪರಮಪ್ರಸಾದ ಕೊಡಲು ನಾವು ಮನೆಮನೆಗೆ ಹೋಗುವುದು ವಾಡಿಕೆ. ಗುರುಪಟ್ಟವಾದ ಹೊಸದರಲ್ಲಿ ಈ ಕೆಲಸಕ್ಕೆ ಹೋದಾಗ ಹೆಚ್ಚಿನ ಮನೆಗಳಲ್ಲಿ ನಾವು ನೆಲದ ಮೇಲೆ ಮಂಡಿಯೂರಬೇಕಾಗಿತ್ತು. ಕಾಯಿಲೆಯವರು ಚಾಪೆಯ ಮೇಲೆ, ಹೆಚ್ಚೆಂದರೆ ಒಂದು ಕೌದಿಯ ಮೇಲೆ ಮಲಗಿರುತ್ತಿದ್ದರು. ಕೆಲವು ವರ್ಷಗಳ ನಂತರ ಮಂಚಗಳು ಬಂದವು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆವು. ಈಗ ನಿಂತುಕೊಂಡೇ ಪರಮಪ್ರಸಾದ ಕೊಡುತ್ತೇವೆ. ನಮ್ಮ ಮಂಡಿಗೆ ಇದರಿಂದ ಸುಖವೇ ಆಗಿದೆ, ಅದನ್ನು ಒಪ್ಪಿಕೊಳ್ಳುತ್ತೇವೆ. ಆದರೆ ಮಂಚದ ಮೇಲಿರುವವರ ಸ್ಥಿತಿ ಏನು ಎಂಬುದನ್ನು ಈ ತಿಂಗಳು ಸ್ವಲ್ಪ ಯೋಚಿಸೋಣ.

ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿಗೆ ಎಪ್ಪತ್ತಾರು ವರ್ಷ. ಹುಟ್ಟಿದಂದಿನಿಂದ ಚಾಪೆಯ ಮೇಲೆಯೇ ಮಲಗಿದವರು. ಮಗನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಕಾಯಂ ಆದ ಮೇಲೆ, ಮುದುಕಿ ಚಳಿಯಲ್ಲಿ ನೆಲದ ಮೇಲೆ ಮಲಗುವುದು ಬೇಡವೆಂದು ಕಂತಿನ ಮೇಲೆ ಒಂದು ದೊಡ್ಡ ಮಂಚವನ್ನೂ ಸ್ಪ್ರಿಂಗ್ ಹಾಸಿಗೆಯನ್ನೂ ತಂದ. ಸೊಸೆಯೂ ಒಳ್ಳೆಯವಳು. ಒಳ್ಳೆಯ ಕೋಣೆಯನ್ನು ಅತ್ತೆಗೇ ಬಿಟ್ಟುಕೊಟ್ಟಳು. ನಾವು ಹೋದಾಗ ಅಜ್ಜಿ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದರು. "ಇದು ಮಂಚ ಅಲ್ಲ ಸ್ವಾಮಿ, ಅಟ್ಟ. ಕಾಲು ನೆಲಕ್ಕೇ ಎಟುಕಲ್ಲ" ಎಂದರು. ಎಲ್ಲರೂ ನಕ್ಕೆವು, ನಾವೂ ನಕ್ಕೆವು. ಮೂರನೆಯ ವಾರ ರಾತ್ರಿ ಮೂತ್ರಕ್ಕೆಂದು ಕತ್ತಲಲ್ಲಿ ಇಳಿಯುವಾಗ ಜಾರಿಬಿದ್ದು ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯಿತು. ನಕ್ಕಿದ್ದು ಈಗಲೂ ನಮ್ಮ ಮನಸ್ಸನ್ನು ಚುಚ್ಚುತ್ತದೆ.

ಇಲ್ಲಿ ತಪ್ಪು ಮಗನದಲ್ಲ, ಸೊಸೆಯದಲ್ಲ. ಮಂಚ ಕೊಳ್ಳುವಾಗ ಉದ್ದ ನೋಡುತ್ತೇವೆ, ಅಗಲ ನೋಡುತ್ತೇವೆ, ಮರ ನೋಡುತ್ತೇವೆ, ಬೆಲೆಯನ್ನಂತೂ ನೋಡಿಯೇ ನೋಡುತ್ತೇವೆ. ಎತ್ತರವನ್ನು ಯಾರೂ ಅಳೆಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಯೂ ಉದ್ದದ ಮಾತನ್ನೇ ಹೇಳುತ್ತದೆ.

ಹಿಂದೆ ಹಾಸಿಗೆಯ ದಪ್ಪಕ್ಕೆ ತಾನಾಗಿಯೇ ಒಂದು ಮಿತಿ ಇತ್ತು. ಬಿಲ್ಲಿನಂಥ ಸಾಧನ ಹೊತ್ತು ಬೀದಿಗೆ ಬರುತ್ತಿದ್ದ ಹತ್ತಿ ಹಿಂಜುವವನು ಹಳೆಯ ಹತ್ತಿಯನ್ನೇ ಹಿಂಜಿ ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಹತ್ತಿಯಾಗಲಿ, ತಮಿಳರು ಇಲವಂ ಪಂಜು ಎನ್ನುವ ಬೂರುಗದ ಅರಳೆಯಾಗಲಿ, ಒಂದು ವರ್ಷ ಮಲಗಿದರೆ ಮೂರು ನಾಲ್ಕು ಅಂಗುಲಕ್ಕೆ ಇಳಿದುಬಿಡುತ್ತಿತ್ತು. ಆಮೇಲೆ ತೆಂಗಿನ ನಾರಿಗೆ ರಬ್ಬರು ಹಾಲು ಸೇರಿಸಿ ಮಾಡಿದ ಹಾಸಿಗೆಗಳು ಬಂದವು. ಕರ್ನಾಟಕದಲ್ಲಿ 1962ರಲ್ಲಿ ಆರಂಭವಾದ ಕರ್ಲಾನ್ ಕಂಪನಿಯ ಹೆಸರು ಇವುಗಳಿಂದಲೇ ಮನೆಮಾತಾಯಿತು. ಅವೂ ನಾಲ್ಕೈದು ಅಂಗುಲದವೇ. ಈಗಿನ ಫೋಮು ಮತ್ತು ಸ್ಪ್ರಿಂಗ್ ಹಾಸಿಗೆಗಳು ಎಂಟು, ಹತ್ತು, ಹನ್ನೆರಡು ಅಂಗುಲ ದಪ್ಪ. ಫೋಮನ್ನು ಗಾಳಿ ಹೀರಿ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಕಳಿಸಬಹುದಾದ್ದರಿಂದ ದಪ್ಪನೆಯ ಹಾಸಿಗೆಯನ್ನು ಸಾಗಿಸುವುದೂ ಸುಲಭವಾಗಿದೆ. ಮಂಚದ ಕೆಳಗೆ ಸಾಮಾನು ತುಂಬುವ ಬಾಕ್ಸ್ ಬೇರೆ ಬಂದಿದೆ. ಬಾಕ್ಸ್ ಮಂಚ 16 ಅಂಗುಲ, ಅದರ ಮೇಲೆ 10 ಅಂಗುಲದ ಹಾಸಿಗೆ ಎಂದರೆ 26 ಅಂಗುಲವಾಯಿತು. ಊಟದ ಮೇಜು ಸಾಮಾನ್ಯವಾಗಿ 30 ಅಂಗುಲ ಇರುತ್ತದೆ. ಮೇಜಿಗಿಂತ ನಾಲ್ಕೇ ಅಂಗುಲ ತಗ್ಗಿನಲ್ಲಿ ನಾವು ನಮ್ಮ ಅಜ್ಜಿಯರನ್ನು ಮಲಗಿಸುತ್ತಿದ್ದೇವೆ.

ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಮದುವೆಯ ಸೀರುವರಿಸೆಯಲ್ಲಿ ಬೀರು, ಮಂಚ, ಹಾಸಿಗೆ ಬರುತ್ತವೆ. ಊರವರೆಲ್ಲ ನೋಡುವಂತೆ ಟೆಂಪೋದಿಂದ ಇಳಿಯುವ ವಸ್ತು ತೆಳ್ಳಗಿದ್ದರೆ ಹೆಣ್ಣಿನ ಕಡೆಯವರಿಗೆ ಅವಮಾನವಂತೆ! ಹಾಸಿಗೆಯ ದಪ್ಪ ಮರ್ಯಾದೆಯ ಅಳತೆಯಾಗಿದೆ. ಮಗಳಿಗಾಗಿ ಸಾಲ ಮಾಡುವ ತಂದೆ ಇದನ್ನು ಓದುತ್ತಿದ್ದರೆ, ಆರು ಅಂಗುಲದ ಒಳ್ಳೆಯ ಗಟ್ಟಿ ಹಾಸಿಗೆ ಧಾರಾಳವಾಗಿ ಸಾಕು ಎಂದು ನಾವು ಹೇಳುತ್ತೇವೆ.

ಹಿಂದಿನ ಕಾಲದ ಸಂನ್ಯಾಸಿಗಳು ಎತ್ತರದ ಹಾಸಿಗೆಯನ್ನು ಆಡಂಬರವೆಂದೇ ಎಣಿಸಿದ್ದರು. ಬೌದ್ಧ ಭಿಕ್ಷುಗಳ ವಿನಯ ನಿಯಮದಲ್ಲಿ ಮಂಚದ ಕಾಲು ಎಂಟು ಬೆರಳಿನ ಅಳತೆ ಮೀರಬಾರದೆಂಬ ಕಟ್ಟುಪಾಡು ಇದೆ. ನಮ್ಮ ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ಬರೆದ ಮಠನಿಯಮದ 55ನೆಯ ಅಧ್ಯಾಯ ಸಂನ್ಯಾಸಿಯ ಹಾಸಿಗೆಗೆ ಚಾಪೆ, ಕಂಬಳಿ, ಹೊದಿಕೆ, ತಲೆದಿಂಬು ಸಾಕೆನ್ನುತ್ತದೆ. ಕಫೆರ್ನವುಮಿನಲ್ಲಿ ಯೇಸುಸ್ವಾಮಿ ಪಾರ್ಶ್ವವಾಯು ರೋಗಿಗೆ ಹಾಸಿಗೆ ಎತ್ತಿಕೊಂಡು ಮನೆಗೆ ಹೋಗೆಂದರಲ್ಲ, ಅದು ಬಡವರು ಸುತ್ತಿ ಹೆಗಲಿಗೆ ಹಾಕಿಕೊಳ್ಳಬಹುದಾದ ಹಾಸಿಗೆಯೇ ಆಗಿರಬೇಕು. ಈಗಿನ ಬಾಕ್ಸ್ ಮಂಚವಾಗಿದ್ದರೆ ಮನೆಯ ಮಾಳಿಗೆಯಿಂದ ಇಳಿಸಿದ ನಾಲ್ವರ ಗತಿ ಏನಾಗುತ್ತಿತ್ತೋ! ನಿದ್ದೆಯಲ್ಲಿ ಎತ್ತರದಿಂದ ಬಿದ್ದವನ ಕಥೆಯೂ ಪವಿತ್ರ ಗ್ರಂಥದಲ್ಲಿದೆ. ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ಯೂತಿಕನೆಂಬ ಯುವಕ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೆಯ ಅಂತಸ್ತಿನಿಂದ ಬಿದ್ದ. ಅಲ್ಲಿ ಕಾರಣ ಹಾಸಿಗೆಯಲ್ಲ, ಸಂತ ಪೌಲರ ಉದ್ದನೆಯ ಪ್ರಸಂಗ. ಇದನ್ನು ನೀವು ನಮಗೆ ನೆನಪಿಸುವ ಮೊದಲು ನಾವೇ ಹೇಳಿಬಿಟ್ಟಿದ್ದೇವೆ.

ಹಾಗಾದರೆ ಎಲ್ಲರೂ ಮತ್ತೆ ಚಾಪೆಗೆ ಇಳಿಯಬೇಕೇ? ಬೇಡ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಹಳೆಯದೆಲ್ಲ ಒಳ್ಳೆಯದೆಂದು ಹೊಗಳುವುದು ಸುಲಭ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ನೆಲದ ಚಳಿ ಕೀಲುನೋವಿನವರಿಗೆ ಹಿತವಲ್ಲ. ಅದಕ್ಕಿಂತ ದೊಡ್ಡ ಅಪಾಯ ಹಾವು. ತಮಿಳಿನಲ್ಲಿ ಕಟ್ಟುವಿರಿಯನ್ ಎಂದು ಕರೆಯುವ ಕಟ್ಟುಹಾವು ರಾತ್ರಿ ಸಂಚಾರಿ. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಮನೆಯೊಳಗೂ ಬರುತ್ತದೆ, ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಕಚ್ಚಿದ ಜಾಗದಲ್ಲಿ ನೋವು, ಊತ ಬಹಳ ಕಡಿಮೆ. ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಉಸಿರಾಟ ಕಷ್ಟವಾಗುವುದು ಇದರ ಲಕ್ಷಣಗಳು. ಆಗ ಬೇರು, ಮಂತ್ರ ಎಂದು ಕಾಲ ಕಳೆಯದೆ 108ಕ್ಕೆ ಕರೆಮಾಡಿ ವಿಷನಿರೋಧಕ ಔಷಧಿಯಿರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಯವರು. ನೆಲದಿಂದ ಒಂದೂವರೆ ಅಡಿ ಎತ್ತರದ ಮಂಚ ಮತ್ತು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ, ಇವೆರಡೂ ಒಳ್ಳೆಯ ರಕ್ಷಣೆ. ಸೊಳ್ಳೆಪರದೆ ಹಾವು ಕಡಿತವನ್ನೂ ತಡೆಯುತ್ತದೆಂದು ನೇಪಾಳದ ತರಾಯಿ ಪ್ರದೇಶದ ಹಳ್ಳಿಗಳಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿದೆ.

ಈ ಸಂದರ್ಭದಲ್ಲಿ ರೈತರಿಗೆ ಒಂದು ಮಾತು. ಬಾಕ್ಸ್ ಮಂಚದೊಳಗೆ ರಾಗಿ, ಅವರೆ, ಹುರುಳಿ ಚೀಲಗಳನ್ನು ತುಂಬಿಡುವುದನ್ನು ನಾವು ಕೆಲವು ಮನೆಗಳಲ್ಲಿ ನೋಡಿದ್ದೇವೆ. ಜಾಗ ಉಳಿಯುತ್ತದೆ, ನಿಜ. ಆದರೆ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಮೇಲೆ ಮಕ್ಕಳು ಮಲಗಿರುತ್ತಾರೆ. ಮನೆ ಒರೆಸಿದ ತೇವ ಬಾಕ್ಸಿನೊಳಗೆ ಸೇರಿದರೆ ಗಾಳಿಯಾಡದೆ ಅವರೆಗೆ ಬೂಷ್ಟು, ಹುಳು ಹಿಡಿಯುತ್ತದೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ, ವಾಡೆಯಲ್ಲಿ ಇಟ್ಟರೇ ಹೊರತು ತಮ್ಮ ತಲೆದಿಂಬಿನ ಕೆಳಗೆ ಇಡಲಿಲ್ಲ. ಚೆನ್ನಾಗಿ ಒಣಗಿಸಿ, ಮುಚ್ಚಳವಿರುವ ತಗಡಿನ ಡ್ರಮ್ಮಿನಲ್ಲಿ ಹಾಕಿ, ಡ್ರಮ್ಮನ್ನು ಹಲಗೆಯ ಮೇಲೆ ಗೋಡೆಗೆ ತಾಗದಂತೆ, ಮಲಗುವ ಕೋಣೆಯಿಂದ ಬೇರೆ ಕಡೆ ಇಡಿ.

ಎತ್ತರದ ಮಂಚ ಬೇಕಾದ ಜಾಗ ನಮ್ಮಲ್ಲಿ ಒಂದೇ ಒಂದು, ಅದು ಹೊಲದ ಕಾವಲಿನ ಅಟ್ಟಣೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಸಾನಮಾವು ಕಾಡಿಗೆ ಆನೆಗಳ ಹಿಂಡು ಬಂದು ಬೀಡುಬಿಡುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ದಿನಗಳಲ್ಲಿ ಬದುವಿನ ಮೇಲೆ ಕಂಬಳಿ ಹೊದ್ದು ಮಲಗುವ ಧೈರ್ಯ ಯಾರಿಗೂ ಬೇಡ. ಅರಣ್ಯ ಇಲಾಖೆಯವರು ರಾತ್ರಿ ಹೊರಗೆ ಬರಬೇಡಿರೆಂದರೆ ಅದನ್ನು ಪಾಲಿಸಿ. ಬೆಳೆ ಹೋದರೆ ಇನ್ನೊಂದು ವರ್ಷ ಬರುತ್ತದೆ.

ಇನ್ನು ಮನೆಯ ಮಂಚದ ಅಳತೆಗೆ ಬರೋಣ. ಇದಕ್ಕೆ ಪೇಟೆಯ ಅಳತೆ ಬೇಡ, ಮಲಗುವವರ ಮೊಣಕಾಲೇ ಅಳತೆಗೋಲು. ಬರಿಗಾಲಿನಲ್ಲಿ ನಿಂತಾಗ ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ ಎಷ್ಟು ಅಂಗುಲವೋ, ಹಾಸಿಗೆಯನ್ನೂ ಸೇರಿಸಿ ಮಂಚ ಅಷ್ಟಿರಬೇಕು. ನಮ್ಮ ಹೆಂಗಸರಲ್ಲಿ ಬಹುಪಾಲು ಇದು 15ರಿಂದ 16, ಗಂಡಸರಲ್ಲಿ 16ರಿಂದ 18 ಅಂಗುಲ ಬರುತ್ತದೆ. ಅಂಚಿನಲ್ಲಿ ಕೂತಾಗ ಎರಡೂ ಅಂಗಾಲು ಪೂರ್ತಿಯಾಗಿ ನೆಲಕ್ಕೆ ಊರಬೇಕು. ಹಿಮ್ಮಡಿ ಮೇಲೆದ್ದು ಬೆರಳು ಮಾತ್ರ ತಾಗಿದರೆ ಮಂಚ ಎತ್ತರವಾಯಿತು. ಮೊಣಕಾಲು ಸೊಂಟಕ್ಕಿಂತ ಬಹಳ ಮೇಲೆ ಬಂದರೆ ತಗ್ಗಾಯಿತು, ಏಳಲು ಕಷ್ಟ. ಮಂಡಿ ಸವೆದವರಿಗೆ ಒಂದೆರಡು ಅಂಗುಲ ಹೆಚ್ಚಿದ್ದರೆ ಏಳಲು ಸುಲಭ. ಕೂತು ನೋಡಿಯೇ ಅಳೆಯಿರಿ, ಏಕೆಂದರೆ ಮೆತ್ತನೆಯ ಹಾಸಿಗೆ ಅಂಚಿನಲ್ಲಿ ಕುಸಿಯುತ್ತದೆ. ಹಾಗೆ ಕುಸಿಯುವ ಅಂಚೇ ಎಷ್ಟೋ ಮುದುಕರನ್ನು ಜಾರಿಸುತ್ತದೆ.

ಬೀಳುವುದನ್ನು ಚಿಕ್ಕ ವಿಷಯವೆಂದು ತಿಳಿಯಬಾರದು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದಕ್ಕೇ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಟೊಳ್ಳಾಗಿರುತ್ತದೆ, ಎರಡಡಿಯಿಂದ ಬಿದ್ದರೂ ಸಾಕು. ಸೊಂಟದ ಕೀಲು ಮುರಿದು ತಿಂಗಳುಗಟ್ಟಲೆ ಮಲಗಿದರೆ ಬೆನ್ನಿಗೆ ಹುಣ್ಣು, ಎದೆಗೆ ಕಫ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಬರುತ್ತವೆ. ಆದ್ದರಿಂದಲೇ ವೈದ್ಯರು ಸಾಧ್ಯವಾದಷ್ಟು ಬೇಗ ಶಸ್ತ್ರಚಿಕಿತ್ಸೆ ಮಾಡಿ, ಬೇಗ ಎಬ್ಬಿಸಿ ನಡೆಸುತ್ತಾರೆ. ವಯಸ್ಸಾಯಿತು, ಆಪರೇಷನ್ ಯಾಕೆ ಎಂದು ಮನೆಗೆ ಕರೆತಂದು ಎಣ್ಣೆ ಹಚ್ಚಿ ಕಟ್ಟುಹಾಕಿಸಬೇಡಿ.

ರಾತ್ರಿ ಏಳುವವರು ಮೊದಲು ಒಂದು ನಿಮಿಷ ಅಂಚಿನಲ್ಲಿ ಕೂತಿರಬೇಕು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಕೈಗೆಟುಕುವಂತೆ ದೀಪದ ಸ್ವಿಚ್ಚು ಇರಲಿ. ಮಂಚದ ಪಕ್ಕ ಜಾರುವ ಕಾಲೊರಸು ಬೇಡ. ಬಿದ್ದವರನ್ನು ತೋಳು ಹಿಡಿದು ಎಳೆದೆಬ್ಬಿಸಬೇಡಿ. ಕಾಲು ಗಿಡ್ಡವಾಗಿ ಹೊರಗೆ ತಿರುಗಿಕೊಂಡಿದ್ದರೆ ಮೂಳೆ ಮುರಿದಿರಬಹುದು, ಅಲ್ಲಾಡಿಸದೆ ಹಲಗೆಯ ಮೇಲೆ ಸಾಗಿಸಬೇಕು.

ನೆಲದ ಮೇಲೆ ಕೂತು ಏಳುವ ಅಭ್ಯಾಸವನ್ನು, ಆಗುವವರು ಬಿಡಬೇಡಿ. ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದ 2002 ಜನರನ್ನು ನೆಲದಲ್ಲಿ ಕೂರಿಸಿ ಎಬ್ಬಿಸಿ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೈ, ಮಂಡಿ ಊರದೆ ಏಳಲಾರದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚಾಗಿ ಕಂಡುಬಂತು. ಕೂತೆದ್ದರೆ ಆಯಸ್ಸು ಬೆಳೆಯುತ್ತದೆಂದು ಇದರ ಅರ್ಥವಲ್ಲ, ತೊಡೆಯಲ್ಲಿ ಬಲವಿದೆಯೇ ಎಂಬುದನ್ನು ಅದು ತಿಳಿಸುತ್ತದೆ. ಚಾಪೆಯಿಂದ ದಿನಕ್ಕೆ ಹತ್ತು ಸಲ ಏಳುತ್ತಿದ್ದ ಅಜ್ಜಿಗೆ ಆ ಬಲ ಇತ್ತು. ಸಿಕ್ಕಿದ್ದು ಎಟುಕದ ಮಂಚ.

ಆ ಅಜ್ಜಿ ಈಗ ಕೋಲೂರಿ ಅಂಗಳದವರೆಗೆ ನಡೆಯುತ್ತಾರೆ. ಬಾಕ್ಸ್ ಮಂಚವನ್ನು ಮಗ-ಸೊಸೆ ಇಟ್ಟುಕೊಂಡಿದ್ದಾರೆ. ಅಜ್ಜಿಗೆ ಹಳೆಯ ಮರದ ಮಂಚವೊಂದನ್ನು ತಂದು, ಬಡಗಿಯಿಂದ ಕಾಲುಗಳನ್ನು ಮೂರು ಅಂಗುಲ ಕೊಯ್ಸಿ, ನಾಲ್ಕು ಅಂಗುಲದ ನಾರಿನ ಹಾಸಿಗೆ ಹಾಕಿದ್ದಾರೆ. ಬಡಗಿಗೆ ಹಿಡಿದದ್ದು ಅರ್ಧ ಗಂಟೆಯ ಕೆಲಸ. ಕಾಲು ಕೊಯ್ಯಲಾಗದ ಮಂಚವಿದ್ದವರು ಹಾಸಿಗೆಯನ್ನಾದರೂ ತೆಳ್ಳಗಿನದಕ್ಕೆ ಬದಲಿಸಬಹುದು. ಅದೂ ಆಗದಿದ್ದರೆ ಗೋಡೆಗೆ ಗಟ್ಟಿಯಾಗಿ ಒಂದು ಹಿಡಿಕೆ ಹಾಕಿಸಬಹುದು. ಮೆಟ್ಟಿಲಿನಂಥ ಮಣೆ ಇಡುವುದು ಮಾತ್ರ ಬೇಡ, ಕತ್ತಲಲ್ಲಿ ಅದೇ ಎಡವಿಸುತ್ತದೆ.

ಬರುವ ಮೊದಲ ಶುಕ್ರವಾರ ನಮ್ಮ ಜೊತೆ ಬರುವ ಉಪದೇಶಿಗಳ ಚೀಲದಲ್ಲಿ ಒಂದು ಅಳತೆಯ ಟೇಪೂ ಇರುತ್ತದೆ. ಪರಮಪ್ರಸಾದ ಸ್ವೀಕರಿಸಿದ ಮೇಲೆ ಯಾರಿಗೆ ಬೇಕೋ ಅವರ ಮೊಣಕಾಲನ್ನೂ ಮಂಚವನ್ನೂ ಅಳೆದು ಬರೆದುಕೊಡುತ್ತಾರೆ.