ಟೀಪಾಯಿಯಲ್ಲೇ ಮೀನು ಸಾಕಿ: ಒಂಬತ್ತು ಸೂತ್ರಗಳು

ಮೇಲೆ ಚಹಾದ ಕಪ್ಪು, ಗಾಜಿನ ಕೆಳಗೆ ಬಣ್ಣದ ಮೀನು. ಇಂಥ ಟೀಪಾಯಿ ಪಡಸಾಲೆಗೆ ಕಳೆ ಕೊಡುತ್ತದೆ. ನಮ್ಮ ಭೋಜ ಊರಿನ ಮನೆಯೊಂದರಲ್ಲಿ ಇದನ್ನು ಮಾಡಿಕೊಳ್ಳುವುದು ಕಷ್ಟವೇನಲ್ಲ. ಗಾಜು, ಕಬ್ಬಿಣ, ವೆಲ್ಡಿಂಗ್ ಎಲ್ಲಕ್ಕೂ ನಿಪ್ಪಾಣಿ ಹತ್ತಿರವೇ ಇದೆ. ಒಂದು ಮಾತು ಮಾತ್ರ ಮರೆಯಬಾರದು: ಅದು ಮೊದಲು ಮೀನಿನ ಮನೆ, ಆಮೇಲೆ ನಮ್ಮ ಮೇಜು.

1. ಮೊದಲು ತೂಕ ಲೆಕ್ಕ ಹಾಕಿ. 36 ಇಂಚು ಉದ್ದ, 18 ಇಂಚು ಅಗಲ, 15 ಇಂಚು ಎತ್ತರದ ತೊಟ್ಟಿಗೆ ಎರಡು ಇಂಚು ಬಿಟ್ಟು ತುಂಬಿದರೂ ಸುಮಾರು 138 ಲೀಟರ್ ನೀರು ಹಿಡಿಯುತ್ತದೆ. ಅಂದರೆ 138 ಕಿಲೋ. 10 ಮಿಲಿಮೀಟರ್ ಗಾಜು, 20 ಕಿಲೋ ಮರಳು, ಮೇಲಿನ ಹಾಸುಗಾಜು ಸೇರಿದರೆ ಎರಡು ಕ್ವಿಂಟಲ್ ದಾಟುತ್ತದೆ. ಒಮ್ಮೆ ತುಂಬಿದ ಮೇಲೆ ಸರಿಸುವ ಮಾತೇ ಇಲ್ಲ. ಜಾಗ ಮೊದಲೇ ಗೊತ್ತು ಮಾಡಿ, ಕಿಟಕಿಯ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಬಿಸಿಲು ಬಿದ್ದರೆ ಪಾಚಿ ಖಚಿತ.

2. ಭಾರವನ್ನು ಕಬ್ಬಿಣ ಹೊರಲಿ. ಚೌಕ ಪೈಪಿನ ಚೌಕಟ್ಟು ಮಾಡಿಸಿ. ಹಾಸುಗಾಜು ಚೌಕಟ್ಟಿನ ಮೇಲೆ ಕೂರಬೇಕು, ತೊಟ್ಟಿಯ ಅಂಚಿನ ಮೇಲೆ ಕೂರಬಾರದು. ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಿ. ಗೌಂಡಿಯ ಲೆವೆಲ್ ಪೈಪ್ ತಂದು ನಾಲ್ಕೂ ಮೂಲೆ ಮಟ್ಟ ಮಾಡಿ. ಒಂದು ಮೂಲೆ ತಗ್ಗಿದರೂ ಅಂಟಿನ ಮೇಲೆ ಒತ್ತಡ ಬೀಳುತ್ತದೆ.

3. ಹಾಸುಗಾಜಿಗೆ 12 ಮಿಲಿಮೀಟರ್ ಟಫನ್ಡ್ ಗಾಜೇ ಇರಲಿ. ಅದನ್ನು ಆಮೇಲೆ ಕತ್ತರಿಸಲಾಗದು, ತೂತು ಕೊರೆಯಲಾಗದು. ಅಳತೆಯನ್ನು ಎರಡು ಸಲ ನೋಡಿ ಆರ್ಡರ್ ಕೊಡಿ. ಎರಡು ತುಂಡಾಗಿ ಮಾಡಿಸಿದರೆ ಆಹಾರ ಹಾಕಲು ಚಿಕ್ಕದನ್ನಷ್ಟೇ ಎತ್ತಿದರೆ ಸಾಕು. ಕೆಳಗೆ ರಬ್ಬರ್ ಬುಷ್ ಇಟ್ಟು ಒಂದಿಂಚು ಸಂದು ಬಿಡಿ. ಗಾಳಿಯಾಡದಿದ್ದರೆ ಮೀನು ಸೊರಗುತ್ತವೆ, ಗಾಜಿನ ಅಡಿ ಮಂಜು ಕಟ್ಟಿ ಏನೂ ಕಾಣದು.

4. ತೊಟ್ಟಿಯ ಗಾಜು ಅಂಟಿಸುವ ಸಿಲಿಕೋನ್ ಆರಿಸುವಾಗ ಎಚ್ಚರ. ಬಚ್ಚಲಿಗೆ ಬಳಸುವ ಬೂಷ್ಟುನಿರೋಧಕ ಸಿಲಿಕೋನ್ ಮೀನಿಗೆ ವಿಷ. ಅಕ್ವೇರಿಯಂಗೆಂದೇ ಬರುವುದನ್ನು ಕೇಳಿ ತನ್ನಿ. ಎಡೆಬಿಡದೆ ಒಂದೇ ಎಳೆಯಾಗಿ ಎಳೆದು, ಚರ್ಮ ಕಟ್ಟುವ ಮೊದಲೇ ಸಾಬೂನು ನೀರಲ್ಲಿ ಅದ್ದಿದ ಬೆರಳಿನಿಂದ ಮೂಲೆಯುದ್ದಕ್ಕೂ ಸವರಿ. ವಾರದ ಮಟ್ಟಿಗೆ ಮುಟ್ಟಬೇಡಿ. ವಿನೆಗರ್ ಥರದ ಹುಳಿ ವಾಸನೆ ಇರುವತನಕ ಅಂಟು ಆರಿಲ್ಲ ಎಂದೇ ಲೆಕ್ಕ.

5. ಸೋರಿಕೆಯ ಪರೀಕ್ಷೆ ಕಟ್ಟೆಯ ಮೇಲಾಗಲಿ. ಕೆಳಗೆ ಹಳೆಯ ಪತ್ರಿಕೆ ಹಾಸಿ, ತೊಟ್ಟಿ ತುಂಬಿ ಮೂರು ದಿನ ಬಿಡಿ. ಕಣ್ಣಿಗೆ ಕಾಣದ ಹನಿಯೂ ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ.

6. ನೀರು ಹದವಾಗಲು ಬಿಡಿ. ಬ್ಲೀಚಿಂಗ್ ಪೌಡರ್ ಹಾಕಿದ ನಳದ ನೀರನ್ನು ಒಂದು ದಿನ ತೆರೆದಿಟ್ಟು ಬಳಸಿ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಒಡೆಯುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆಮೇಲೂ ಮೀನನ್ನು ನಾಲ್ಕೈದರಂತೆ ಸೇರಿಸಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ತೊಳೆಯಿರಿ.

7. ನೀರಿಗೆ ತಕ್ಕ ಮೀನು ತನ್ನಿ. ಬೋರ್‌ವೆಲ್‌ನ ಗಡಸು ನೀರಾದರೆ ಗಪ್ಪಿ, ಮೋಲಿ, ಪ್ಲಾಟಿ ಸಲೀಸಾಗಿ ಬಾಳುತ್ತವೆ. ಡಿಸ್ಕಸ್‌ನಂಥ ನಾಜೂಕಿನವು ಬೇಡ. ಗೋಲ್ಡ್‌ಫಿಶ್ ದೊಡ್ಡದಾಗಿ ಬೆಳೆಯುತ್ತದೆ, ಹೊಲಸೂ ಹೆಚ್ಚು.

8. ತಂಬಾಕು ದೂರವಿರಲಿ. ತಂಬಾಕು ಬೆಳೆಯುವ ನಿಪ್ಪಾಣಿ ಸೀಮೆಯಲ್ಲಿ ಈ ಮಾತು ವಿಶೇಷವಾಗಿ ಹೇಳಲೇಬೇಕು. ನಿಕೋಟಿನ್ ಮೀನಿಗೆ ಮಾರಕ. ತಂಬಾಕು ಮುಟ್ಟಿದ ಕೈ, ಕಬ್ಬಿಗೆ ಔಷಧ ಹೊಡೆದ ಕೈ ತೊಳೆಯದೆ ನೀರಿಗೆ ಇಳಿಯಬಾರದು. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ. ಆದ್ದರಿಂದ ಅದರ ಹತ್ತಿರ ಬೀಡಿ, ಸೊಳ್ಳೆಬತ್ತಿ, ಸ್ಪ್ರೇ ಯಾವುದೂ ಬೇಡ.

9. ಮಳೆಗಾಲಕ್ಕೆ ಮೊದಲೇ ಸಜ್ಜಾಗಿ. ವೇದಗಂಗಾ, ದೂಧಗಂಗಾ ನದಿಗಳು ಉಕ್ಕಿದರೆ ಕಾರದಗಾ-ಭೋಜ ಸೇತುವೆ ಮುಳುಗುತ್ತದೆ, ಕರೆಂಟೂ ಕೈಕೊಡುತ್ತದೆ. ಬ್ಯಾಟರಿಯ ಏರ್ ಪಂಪ್, ಒಂದು ಟ್ಯೂಬ್ ಸಿಲಿಕೋನ್, ತಿಂಗಳ ಆಹಾರ ಜೂನ್‌ಗೆ ಮುಂಚೆ ಮನೆಯಲ್ಲಿರಲಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವಾದರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದೆ ಇಳಿಯುತ್ತದೆ. ವೈರ್ ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಬರಲಿ. ಆಗ ಹನಿ ಅಲ್ಲೇ ಉದುರುತ್ತದೆ.

ಕೊನೆಯದಾಗಿ ಒಂದು ವಿನಂತಿ. ಗಾಜು ಸ್ವಚ್ಛ ಮಾಡುತ್ತದೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ. ತೊಟ್ಟಿಗೆ ಹಿಡಿಸದಾದಾಗ ಜನ ಹೊರಗೆ ಬಿಟ್ಟ ಈ ಮೀನೇ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ಈಗ ನಾಡಮೀನಿಗೆ ಕಂಟಕವಾಗಿದೆ. ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ನಮ್ಮ ಹೊಳೆಗೆ ಮಾತ್ರ ಬಿಡಬೇಡಿ.