ಗಲ್ಲು ಬೇಡ ಎನ್ನುವ ಹಾಳೆಗೆ ಸಹಿ ಹಾಕುವ ಮುನ್ನ

ಇಂದಿನ ಧಮ್ಮ ಚಿಂತನೆ.

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಮಾನವ ಹಕ್ಕುಗಳ ಕೆಲಸ ಮಾಡುವ ಇಬ್ಬರು ಹುಡುಗರು ಬಂದಿದ್ದರು. ಮರಣದಂಡನೆ ರದ್ದಾಗಲಿ ಎಂಬ ಮನವಿಗೆ ಸಹಿ ಬೇಕಿತ್ತು. ಹಾಳೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ನಮ್ಮ ಹಿರಿಯ ಉಪಾಸಿಕೆಯೊಬ್ಬರು ಪೆನ್ನು ಕೆಳಗಿಟ್ಟು ನನ್ನನ್ನೇ ಕೇಳಿದರು: “ಅಲ್ಲ ಮೇಷ್ಟ್ರೇ, ಕಂಬಾಲಪಲ್ಲೀಲಿ ಏಳು ಜನಾನ ಸುಟ್ಟೋರಿಗೂ ಗಲ್ಲು ಬೇಡ ಅಂತೀರಾ?” ನನಗೆ ಉತ್ತರ ಹೊಳೆಯಲಿಲ್ಲ. ಹಾಳೆ ಅರ್ಧ ಖಾಲಿಯೇ ಉಳಿಯಿತು.

ನನ್ನ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ. 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ನಮ್ಮದೇ ಬೌದ್ಧ ಕುಟುಂಬದ ನಾಲ್ವರನ್ನು ಕೊಂದಾಗ, ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾನೂ ಮೆರವಣಿಗೆಯಲ್ಲಿ ‘ಗಲ್ಲಿಗೇರಿಸಿ’ ಎಂದು ಗಂಟಲು ಹರಿಯುವಂತೆ ಕೂಗಿದ್ದೆ. 2008ರಲ್ಲಿ ಭಂಡಾರದ ನ್ಯಾಯಾಲಯ ಆರು ಮಂದಿಗೆ ಗಲ್ಲು ವಿಧಿಸಿತು. ನಾವು ಸಿಹಿ ಹಂಚಿದೆವು. ಆದರೆ ಅದೇ ತೀರ್ಪು ಇದಕ್ಕೆ ಅಟ್ರಾಸಿಟಿ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತ್ತು. ದಪ್ಪಕ್ಷರದ ‘ಗಲ್ಲು’ ನೋಡಿ ಹಿಗ್ಗಿದ ನಮಗೆ ಅದರ ಕೆಳಗಿನ ಸಾಲು ಕಾಣಲೇ ಇಲ್ಲ. ಎರಡು ವರ್ಷದ ನಂತರ ಹೈಕೋರ್ಟ್ ಗಲ್ಲನ್ನು 25 ವರ್ಷದ ಸೆರೆವಾಸಕ್ಕೆ ಇಳಿಸಿತು, ಜಾತಿಯ ಮಾತನ್ನು ಅದೂ ಒಪ್ಪಲಿಲ್ಲ. ನಮಗೆ ನಿಜವಾಗಿ ತಪ್ಪಿಹೋದದ್ದು ಯಾವುದು ಎಂದು ಆಗ ಅರ್ಥವಾಯಿತು.

ಇನ್ನು ನೆರೆಯ ಆಂಧ್ರದ ಒಂದು ಪ್ರಕರಣ. 1993ರಲ್ಲಿ ಗುಂಟೂರು ಜಿಲ್ಲೆಯ ಚಿಲಕಲೂರಿಪೇಟೆಯ ಬಳಿ ಬಸ್ಸೊಂದಕ್ಕೆ ಬೆಂಕಿ ಬಿದ್ದು 23 ಪ್ರಯಾಣಿಕರು ಸತ್ತರು. ಇಬ್ಬರು ಬಡ ದಲಿತ ಯುವಕರು ಪೆಟ್ರೋಲ್ ಸುರಿದು ಹೆದರಿಸಿ ದುಡ್ಡು ದೋಚಲು ಹೋಗಿದ್ದರು. ತಪ್ಪು ಸಣ್ಣದಲ್ಲ. ಸತ್ತವರ ಮನೆಯವರ ಸಂಕಟವನ್ನು ಯಾರೂ ಅಲ್ಲಗಳೆಯಲಾರರು. ಇಬ್ಬರಿಗೂ ಗಲ್ಲಾಯಿತು, ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು, ರಾಷ್ಟ್ರಪತಿಗೆ ಹೋದ ಕ್ಷಮಾದಾನದ ಅರ್ಜಿಯೂ ತಿರಸ್ಕಾರವಾಯಿತು. 1997ರ ಮಾರ್ಚ್ 29ರ ಬೆಳಗಿನ ಜಾವ ಎಂದು ದಿನವೂ ಗೊತ್ತಾಯಿತು.

ಆಗ ಓಡಾಡಿದವರು ಸಂಬಳಕ್ಕೆ ದುಡಿದವರಲ್ಲ. ಆಂಧ್ರದ ನಾಗರಿಕ ಹಕ್ಕುಗಳ ಸಂಘದವರು, ವಕೀಲರು, ಲೇಖಕರು, ದಲಿತ ಕಾರ್ಯಕರ್ತರು ಸಹಿ ಸಂಗ್ರಹಿಸಿದರು, ಸಭೆ ಮಾಡಿದರು, ದೆಹಲಿಗೆ ಅರ್ಜಿ ಕಳಿಸಿದರು. ಬಂಗಾಳದ ಮಹಾಶ್ವೇತಾ ದೇವಿಯವರೂ ದನಿಗೂಡಿಸಿದರು. ಗಲ್ಲಿಗೆ ಕೆಲವೇ ಗಂಟೆ ಇರುವಾಗ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಮರುವರ್ಷ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅವರು ಬಿಡುಗಡೆಯಾಗಲಿಲ್ಲ, ಬದುಕಿ ಉಳಿದರು ಅಷ್ಟೆ.

ಹಗ್ಗ ಯಾರ ಕೊರಳು ಹುಡುಕುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಗಲ್ಲಿಗೆ ಕಾದಿದ್ದ ಕೈದಿಗಳನ್ನೂ ಅವರ ಮನೆಯವರನ್ನೂ ಮಾತಾಡಿಸಿ 2016ರಲ್ಲಿ ವರದಿ ತಂದರು. ನೂರರಲ್ಲಿ ಸುಮಾರು 74 ಮಂದಿ ಕಡುಕಷ್ಟದ ಮನೆಗಳವರು. ಒಳ್ಳೆಯ ವಕೀಲರನ್ನಿಡಲು ಹಣವಿದ್ದವನು ಆ ಪಟ್ಟಿಯಲ್ಲಿ ಸಿಗುವುದು ಅಪರೂಪ.

ಬಾಬಾಸಾಹೇಬರು ಇದನ್ನು ಬೌದ್ಧರಾಗುವ ಏಳು ವರ್ಷ ಮೊದಲೇ ಹೇಳಿದ್ದರು. 1949ರ ಜೂನ್ 3ರಂದು ಸಂವಿಧಾನ ಸಭೆಯಲ್ಲಿ ಗಲ್ಲುಶಿಕ್ಷೆಯಾದವರಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿಯ ಹಕ್ಕು ಕೊಡಬೇಕೇ ಎಂಬ ಚರ್ಚೆ ನಡೆದಿತ್ತು. ಅದಕ್ಕಿಂತ ಗಲ್ಲನ್ನೇ ತೆಗೆದುಹಾಕುವುದು ಸರಿ, ಅಹಿಂಸೆಯನ್ನು ನಂಬುವ ದೇಶಕ್ಕೆ ಅದೇ ತಕ್ಕದ್ದು ಎಂಬುದು ಅವರ ಮಾತಿನ ತಾತ್ಪರ್ಯ.

ಹಾಗೆಂದು ತಪ್ಪಿತಸ್ಥನಿಗೆ ಶಿಕ್ಷೆಯೇ ಬೇಡ ಎಂದು ಬುದ್ಧ ಹೇಳಿದನೆಂದು ಬಾಬಾಸಾಹೇಬರು ಎಲ್ಲೂ ಬರೆದಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿಂಗಡಿಸುತ್ತಾರೆ. ನನಗೆ ಈ ವಾರ ದಾರಿ ತೋರಿದ್ದು ಇದೇ. ಕಬ್ಬಿಣದ ಬಾಗಿಲ ಹಿಂದೆ ಬೀಗ ಹಾಕಿಸಿಕೊಂಡು ಕೂತವನನ್ನು ಹತ್ತು ವರ್ಷದ ನಂತರ ಎಬ್ಬಿಸಿ ನೇಣಿಗೆ ಹಾಕುವಾಗ ಅಗತ್ಯ ಎಲ್ಲಿ ಉಳಿದಿರುತ್ತದೆ? ಇಚ್ಛೆಯೊಂದೇ ತಾನೆ?

ಅಂಗುಲಿಮಾಲನ ಕತೆಯನ್ನು ಮಕ್ಕಳಿಗೆ ಹೇಳುವಾಗ ನಾವು ಒಂದು ಭಾಗ ಬಿಟ್ಟುಬಿಡುತ್ತೇವೆ. ಭಿಕ್ಷುವಾದ ಮೇಲೂ ಶ್ರಾವಸ್ತಿಯಲ್ಲಿ ಅವನ ಮೇಲೆ ಕಲ್ಲು, ದೊಣ್ಣೆ ಬೀಳುತ್ತವೆ. ತಲೆ ಒಡೆದು, ಪಾತ್ರೆ ಮುರಿದು ಬಂದವನಿಗೆ ಸಹಿಸಿಕೋ ಎನ್ನುತ್ತಾನೆ ಬುದ್ಧ. ಕಲ್ಲೆಸೆದವರನ್ನು ಬೈಯುವುದಿಲ್ಲ. ಕಳೆದ ಭಾನುವಾರ ಪೆನ್ನು ಕೆಳಗಿಟ್ಟ ಆ ತಾಯಿಯನ್ನೂ ನಾವು ಬೈಯುವಂತಿಲ್ಲ.

ಆದರೆ ಅಮ್ಮಾ, ಕಂಬಾಲಪಲ್ಲಿಯಲ್ಲಿ ಆದದ್ದೇನು? 2000ದ ಮಾರ್ಚ್‌ನಲ್ಲಿ ಏಳು ಜನ ಬೆಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಗಲ್ಲಿನ ಮಾತು ಹಾಗಿರಲಿ, ಒಬ್ಬನಿಗೆ ಒಂದು ದಿನದ ಜೈಲೂ ಆಗಲಿಲ್ಲವಲ್ಲ. ಅದೇ ಊರಲ್ಲಿ ಅದೇ ಜಮೀನುದಾರರ ನಡುವೆ ಬದುಕಬೇಕಾದ ಸಾಕ್ಷಿಯ ಬೆನ್ನಿಗೆ ಯಾರೂ ನಿಲ್ಲದಿದ್ದರೆ ಕಾನೂನಿನಲ್ಲಿ ಎಂಥ ಶಿಕ್ಷೆ ಇದ್ದು ಏನು?

ಬರುವ ಭಾನುವಾರ ಆ ಹುಡುಗರು ಮತ್ತೆ ಬರುತ್ತಾರೆ. ನಾನು ಸಹಿ ಹಾಕುತ್ತೇನೆ. ಹಾಕದವರನ್ನು ಯಾರೂ ಒತ್ತಾಯಿಸಬೇಡಿ. ಅಂದೇ ಇನ್ನೊಂದು ಹಾಳೆಯೂ ಇರುತ್ತದೆ. ನಮ್ಮ ತಾಲ್ಲೂಕಿನ ಅಟ್ರಾಸಿಟಿ ಕೇಸುಗಳ ವಾಯಿದೆ ದಿನ ಸಾಕ್ಷಿಗಳ ಜೊತೆ ಕೋರ್ಟಿಗೆ ಹೋಗಿ ಕೂರಲು ಬಿಡುವಿರುವವರು ಅದರಲ್ಲಿ ಹೆಸರು ಬರೆಯಿರಿ. ಆ ತಾಯಿಯನ್ನು ಮೊದಲು ಕೇಳುವವನು ನಾನೇ.

ಭವತು ಸಬ್ಬ ಮಂಗಲಂ. ಜೈಭೀಮ್.